ತಗಡಿನ ಥೇಟರಿನಿಂದ ರಂಗಶಂಕರಕ್ಕೆ

ನಾನು ಮೊದಲ ನಾಟಕ ನೋಡಿದ್ದು ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ, ಕಾಕಾನ ಮಗ್ಗುಲಲ್ಲಿ ನೆಲದ ಮೇಲೆ ಕೂತು. ಈಗ ತಾಲೂಕು ಕೇಂದ್ರವಾಗಿರುವ ನಮ್ಮ ಚಿಟಗುಪ್ಪ ಆಗ ಹುಮನಾಬಾದ ತಾಲೂಕಿನಲ್ಲಿತ್ತು. ಜಾತ್ರೆಗೆ ಕ್ಯಾಂಪ್ ಹಾಕಿದ್ದ ಕಂಪನಿಯವರು ಆವತ್ತು ಆಡಿದ್ದು ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’. ಅದು 1974ರಲ್ಲೇ ಸಿನಿಮಾ ಆಗಿತ್ತು, ರಾಜಕುಮಾರ್ ನಟಿಸಿದ್ದರು. ಆದರೂ ಜನ ಕಂಬಳಿ ಹೊದ್ದು ನಾಟಕಕ್ಕೆ ಬಂದಿದ್ದರು. “ಲಗೂ ನಡಿ, ಸುರು ಆಗ್ಲತದ” ಎಂದು ಕಾಕಾ ನನ್ನನ್ನು ಎಳೆದುಕೊಂಡು ಓಡಿದ್ದರು. ಪರದೆ ಎದ್ದದ್ದು ಮಾತ್ರ ಥೇಟರ್ ತುಂಬಿದ ಮೇಲೆಯೇ. ಕಾಲು ಹಾರ್ಮೋನಿಯಂ ನಿಂತಿತೋ ಇಲ್ಲವೋ, ನಾಲ್ಕೂ ಕಡೆಯಿಂದ ‘ಒನ್ಸ್ ಮೋರ್’. ನಟಿ ನಿಂತಲ್ಲೇ ನಿಂತು ಮತ್ತೆ ಹಾಡಿದಳು.

1993ರಲ್ಲಿ ನೌಕರಿಗಾಗಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದೆ. ಸಂಜೆಯಾದರೆ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲೇ ನನಗೆ ಊರ ಕಟ್ಟೆ. ಠಾಕೂರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ, 1963ರಲ್ಲಿ ತೆರೆದ ರಂಗಮಂದಿರ ಅದು. ಹಿಂಬದಿಯ ಬಯಲು ರಂಗದಲ್ಲಿ 1972ರಲ್ಲಿ ಬಿ.ವಿ. ಕಾರಂತರು ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಆಡಿಸಿದ್ದನ್ನು ಕಂಡವರು ಆ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ನಿನ್ನೆಯದೆಂಬಂತೆ ಹೇಳುತ್ತಿದ್ದರು.

ಅಲ್ಲಿಯೇ ನಾನು ಗಿರೀಶ ಕಾರ್ನಾಡರ ‘ತಲೆದಂಡ’ ನೋಡಿದೆ. ಮಂಡಲ್ ವರದಿ, ಮಂದಿರದ ಚಳವಳಿ ದೇಶವನ್ನು ಕಲಕುತ್ತಿದ್ದ ಹೊತ್ತಿನಲ್ಲಿ ಬರೆದ, ನಮ್ಮ ಕಲ್ಯಾಣದ ಕಥೆ. ಬಸವಕಲ್ಯಾಣದ ತ್ರಿಪುರಾಂತ ಕೆರೆ, ಹರಳಯ್ಯನ ಗವಿ ನಾನು ಸಣ್ಣವನಿದ್ದಾಗ ಓಡಾಡಿದ ಜಾಗಗಳು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಡುವ ಮಾತು ರಂಗದ ಮೇಲೆ ಬಂದಾಗ ಹರಳಯ್ಯನ ಹೆಂಡತಿಯ ಪಾತ್ರಧಾರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಅವಳು ಹೆದರಿದ್ದು ನನಗೆ ಗೊತ್ತಾದದ್ದು ಆ ಬೆರಳಿನಿಂದ. ಇಡೀ ಸಭಾಂಗಣ ಉಸಿರು ಬಿಗಿಹಿಡಿದಿತ್ತು. ‘ಒನ್ಸ್ ಮೋರ್’ ಕೂಗಿನಲ್ಲಿ ಬೆಳೆದ ನನಗೆ ಮೌನವೂ ಪ್ರೇಕ್ಷಕರ ಮಾತೇ ಎಂದು ಅಂದು ತಿಳಿಯಿತು.

2004ರ ಅಕ್ಟೋಬರಿನಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ತೆರೆಯಿತು. 1990ರಲ್ಲಿ ತೀರಿಕೊಂಡ ಶಂಕರನಾಗರ ಕನಸನ್ನು ಅರುಂಧತಿ ನಾಗ್ ವರ್ಷಗಟ್ಟಲೆ ದುಡ್ಡು ಕೂಡಿಸಿ ಕಟ್ಟಿ ನಿಲ್ಲಿಸಿದರು. ಏಳೂವರೆ ಎಂದರೆ ಏಳೂವರೆ; ಬಾಗಿಲು ಮುಚ್ಚಿದ ಮೇಲೆ ಯಾರಿಗೂ ಪ್ರವೇಶವಿಲ್ಲ. ನಗರ ಹಿಗ್ಗಿ, ರಸ್ತೆಗಳು ಕಟ್ಟಿಕೊಂಡ ಕಾಲದಲ್ಲೇ ಜನ ಈ ಶಿಸ್ತು ಕಲಿತರು. ಪ್ರೇಕ್ಷಕರಿಗಾಗಿ ನಾಟಕ ಕಾಯುತ್ತಿದ್ದ ಕಾಲ ಹೋಗಿ ನಾಟಕಕ್ಕಾಗಿ ಪ್ರೇಕ್ಷಕರು ಕಾಯುವ ಕಾಲ ಬಂತು. ನನಗದು ಆಡುವವರಿಗೆ ಸಲ್ಲಬೇಕಾದ ಮರ್ಯಾದೆ ಅನಿಸಿತು.

2017ರಲ್ಲಿ ಹುಮನಾಬಾದಿನ ಮೇಲೆ ಹಾಯುವ ಬೀದರ-ಕಲಬುರಗಿ ರೈಲುಮಾರ್ಗ ಪೂರ್ತಿಯಾಗಿ ತೆರೆಯಿತು. ಮರುವರ್ಷ ಕಾಕಾ ಬೆಂಗಳೂರಿಗೆ ಬಂದಾಗ ರಂಗಶಂಕರಕ್ಕೆ ಕರೆದೊಯ್ದೆ. ಹೊರಗೆ ಸಾಬೂದಾನಿ ವಡೆ ತಿಂದು ಆರೂವರೆಗೇ ಸಜ್ಜಾಗಿ ನಿಂತರು. ಆವತ್ತಿನದು ಅಪ್ಪ-ಮಗನ ನಾಟಕ. ಮೈಕಿಲ್ಲದ ಮಾತು ಹಿಂದಿನ ಸಾಲಿಗೂ ಮುಟ್ಟುತ್ತಿತ್ತು. ನಾವು ಮುಂದಿನ ಸಾಲಿನಲ್ಲಿದ್ದೆವು. ನಟನ ಕತ್ತಿನ ಬೆವರು ಕಾಣುತ್ತಿತ್ತು. ಹೊರಬಂದ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಆಟೋ ಹತ್ತಿದ ಮೇಲೆ, “ಅಂವಾ ಖರೇನೇ ಅಳ್ಲತಿದ್ದ ನೋಡು” ಅಂದರು.

ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಕಟ್ಟೆಯ ಮೇಲೆ ಕೂತು ಅದೇ ನಾಟಕ ಹೇಳುತ್ತಿದ್ದರು. ಮಗ ಮನೆ ಬಿಡುವ ಮಾತು ಬಂದಾಗ ದನಿ ಇಳಿಸಿದರು. ಕೇಳುವವರೆಲ್ಲ ಮುಂದಕ್ಕೆ ಬಾಗಿದರು. ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಒಬ್ಬ ಹುಡುಗ ಅಂದ: “ಕಾಕಾ, ಅದಿಷ್ಟು ಇನ್ನೊಮ್ಮೆ ಹೇಳ್ರಿ.”