ಸ್ಟೆಪ್ಸ್ ಬರಿಯಪ್ಪ

ಮೊಮ್ಮಗನ ಎಲ್‌ಕೆಜಿ ಫೀಸಿನ ರಸೀದಿಯನ್ನು ಮಗಳು ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಸೊನ್ನೆ ಎಣಿಸುವುದಕ್ಕೆ ಕನ್ನಡಕ ಬೇಕಾಯಿತು. ಲೆಕ್ಕದ ಟೀಚರಾಗಿ ರಿಟೈರಾದವಳಿಗೆ ಆ ಮೊತ್ತ ಕಂಡೊಡನೆ ಎರಡು ರೂಪಾಯಿ ನೆನಪಾಯಿತು.

ಚಾಮರಾಜಪೇಟೆಯ ಕಾನ್ವೆಂಟಿಗೆ ತಿಂಗಳಿಗೆ ಎರಡು ರೂಪಾಯಿ ಕಟ್ಟಲಾಗದೆ ಬಾಯಿಲೆಕ್ಕದ ಶಕುಂತಲಾ ದೇವಿ ಮೂರೇ ತಿಂಗಳಿಗೆ ಶಾಲೆ ಬಿಟ್ಟ ಕತೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಕೇಳಿದವರೆಲ್ಲ ಆ ಎರಡು ರೂಪಾಯಿಗೆ ಮರುಗುತ್ತಾರೆ. ನನಗೆ ಮಾತ್ರ ಆ ಮೂರು ತಿಂಗಳದೇ ಚಿಂತೆ. ಅವಳಿಗೆ ಪಾಠ ಮಾಡಿದ ಪುಣ್ಯಾತ್ಗಿತ್ತಿ ಯಾರಿದ್ದಿರಬಹುದು?

ಸ್ವಲ್ಪ ಯೋಚಿಸಿ. ಹುಡುಗಿ ಹುಟ್ಟಿದ್ದು 1929ರಲ್ಲಿ. ಅಪ್ಪ ಪೂಜಾರಿಕೆಯ ಮನೆತನ ಬಿಟ್ಟು ಸರ್ಕಸ್ ಸೇರಿದ ಆಸಾಮಿ. ಮೂರು ವರ್ಷದ ಮಗಳ ಮುಂದೆ ಇಸ್ಪೀಟೆಲೆ ಹರಡಿ ಜಾದು ತೋರಿಸಹೊರಟವರು, ಮಗು ಎಲೆಗಳನ್ನೆಲ್ಲ ನೆನಪಿಟ್ಟುಕೊಂಡಿರುವುದನ್ನು ಕಂಡು ತಾವೇ ಬೆಪ್ಪಾದರು. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ದೊಡ್ಡವರ ಮುಂದೆ ಪ್ರದರ್ಶನವೂ ಆಯಿತು. ಅದೆಲ್ಲ ಮುಗಿಸಿಕೊಂಡು, ಹತ್ತು ವರ್ಷದವಳಾಗಿ, ಗವಿಪುರ ಗುಟ್ಟಹಳ್ಳಿಯ ಕಡೆಯಿಂದ ಬಂದು ಕೂತದ್ದು ಎಲ್ಲಿ? ಒಂದನೇ ಕ್ಲಾಸಿನಲ್ಲಿ!

ಆ ಟೀಚರನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಹತ್ತಿ ಸೀರೆ, ಕೈಯಲ್ಲಿ ಫುಟ್‌ರೂಲು. ಕಾನ್ವೆಂಟಾದ್ದರಿಂದ ಮಗ್ಗಿ 'ಟೂ ಒನ್ಸ್ ಆರ್ ಟೂ' ಎಂದೇ ಇರಬೇಕು. ಮೂಗು ಸೋರುವ ಪುಟಾಣಿಗಳೆಲ್ಲ ರಾಗವಾಗಿ ಒದರುತ್ತಿದ್ದರೆ, ಹಿಂದಿನ ಸಾಲಿನಲ್ಲಿ ಒಂದು ತಲೆ ಎತ್ತರದ ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಾಳೆ. 'ಏಯ್, ಲಾಸ್ಟ್ ಬೆಂಚ್, ಗಮನ ಎಲ್ಲಿದೆ?' ಪಾಪ, ಗಮನ ಎಲ್ಲಿತ್ತೋ! 1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 201 ಅಂಕಿಗಳ ಸಂಖ್ಯೆಯೊಂದರ ಇಪ್ಪತ್ಮೂರನೆಯ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದ ತಲೆ ಅದು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಯ ಸಂಖ್ಯೆಯನ್ನು ಹದಿಮೂರು ಅಂಕಿಯದರಿಂದ ಗುಣಿಸಲು ಹಿಡಿದದ್ದು 28 ಸೆಕೆಂಡು.

ಆ ಟೀಚರಮ್ಮನಿಗೆ ಸಮಾಧಾನವಾಗಲೆಂದು ಇನ್ನೊಬ್ಬರ ಪಾಡನ್ನೂ ಹೇಳಬೇಕು. 1988ರಲ್ಲಿ ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಶಕುಂತಲಾ ದೇವಿಯ ಬುದ್ಧಿಯನ್ನು ಪರೀಕ್ಷೆ ಮಾಡಿದರು. 6,16,29,875ರ ಘನಮೂಲ ಎಷ್ಟು? 17,08,59,375ರ ಏಳನೆಯ ಮೂಲ? ಜೆನ್ಸನ್ ಸಾಹೇಬರು ಲೆಕ್ಕವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಷ್ಟರಲ್ಲಿ 395, 15 ಎಂಬ ಉತ್ತರ ಬಂದು ಕೂತಿರುತ್ತಿತ್ತು. ಪ್ರೊಫೆಸರರಿಗೇ ಹೀಗಾದಮೇಲೆ ಒಂದನೇ ಕ್ಲಾಸಿನ ಟೀಚರು ಯಾವ ಲೆಕ್ಕ?

ಎಸ್ಸೆಸ್ಸೆಲ್ಸಿ ಪೇಪರು ತಿದ್ದುವ ನಮ್ಮಂಥವರ ಕೈಗೇನಾದರೂ ಆಯಮ್ಮ ಸಿಕ್ಕಿದ್ದರೆ ನಾಲ್ಕಕ್ಕೆ ಒಂದು ಮಾರ್ಕು ಬರುತ್ತಿತ್ತೋ ಏನೋ. ಸ್ಟೆಪ್ಸ್ ಇಲ್ಲವಲ್ಲ!

ಈ ಸ್ಟೆಪ್ಸ್ ಎಂಬುದು ಟೀಚರುಗಳ ಬ್ರಹ್ಮಾಸ್ತ್ರ. ಬಸವನಗುಡಿಯಲ್ಲಿ ಹತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದಾಗ ದಿನಸಿ ಅಂಗಡಿಯವರ ಮಗನೊಬ್ಬನಿದ್ದ. ಒಂದರ ಪಕ್ಕ ಒಂದು ಬರುವ ಎರಡು ಸಂಖ್ಯೆಗಳ ಗುಣಲಬ್ಧ 306, ಅವು ಯಾವುವು ಅಂತ ಲೆಕ್ಕ. ನಾನು ಬೋರ್ಡಿನ ಮೇಲೆ 'ಮೊದಲ ಸಂಖ್ಯೆ ಎಕ್ಸ್ ಆಗಿರಲಿ' ಎಂದು ಬರೆಯುತ್ತಿದ್ದೆ, 'ಆಗಿರಲಿ' ಇನ್ನೂ ಮುಗಿದಿರಲಿಲ್ಲ.

"ಹದಿನೇಳು, ಹದಿನೆಂಟು ಮಿಸ್."

"ಹೇಗೋ ಬಂತು?"

"ಹದಿನೇಳ್ ಹದಿನೇಳ್ಲ 289 ಅಲ್ವಾ ಮಿಸ್? ಇನ್ನೊಂದ್ ಹದಿನೇಳು ಹಾಕಿದ್ರೆ 306."

ನನ್ನ ಎಕ್ಸ್‌ಗಿಂತ ಅದೇ ಚೆಂದವಾಗಿತ್ತು. ಅದನ್ನೂ ಬೋರ್ಡಿನ ಮೇಲೆ ಬರೆದೆ. ಆಮೇಲೆ, ಕೆಲಸ ಉಳಿಯಬೇಕಲ್ಲ, "ಪರೀಕ್ಷೆಯಲ್ಲಿ ಮಾತ್ರ ಸ್ಟೆಪ್ಸ್ ಬರಿಯಪ್ಪ" ಎಂದೆ. ಅಂದಿನಿಂದ ಲಾಸ್ಟ್ ಬೆಂಚಿನವರೆಲ್ಲ ಗುರಿಯಿಲ್ಲದೆ ಉತ್ತರ ಎಸೆಯತೊಡಗಿದ್ದು ಬೇರೆ ತಾಪತ್ರಯ.

ಶಕುಂತಲಾ ದೇವಿಯೂ ಕಡೆಗೆ ಸ್ಟೆಪ್ಸ್ ಬರೆದರು ಅನ್ನಿ. 1977ರಲ್ಲೇ ಬಂದ 'ಫಿಗರಿಂಗ್' ಪುಸ್ತಕದಲ್ಲಿ ಗುಣಾಕಾರ, ಭಾಗಾಕಾರ, ವರ್ಗಮೂಲಗಳ ಒಳದಾರಿಗಳನ್ನು ನಮ್ಮಂಥ ಮಂದಗತಿಯವರಿಗಾಗಿ ಬಿಡಿಸಿಟ್ಟಿದ್ದಾರೆ. ನನ್ನ ಪ್ರತಿಯನ್ನು ಆ ಹುಡುಗನಿಗೆ ಓದಲು ಕೊಟ್ಟೆ. ವಾರ ಬಿಟ್ಟು, ನ್ಯೂಸ್‌ಪೇಪರಿನ ಬೈಂಡು ಹಾಕಿ ನೀಟಾಗಿ ವಾಪಸ್ ತಂದ.

"ಹೇಗಿತ್ತೋ?"

"ಚೆನ್ನಾಗಿದೆ ಮಿಸ್. ಸ್ಟೆಪ್ಸೇ ಸ್ವಲ್ಪ ಜಾಸ್ತಿ."