ಅಟ್ಟದಿಂದಿಳಿದ ನೊಗ

ನಮ್ಮ ತಂದೆಯವರು ಹೊಸೂರಿನ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿ ಕಟ್ಟಿಕೊಡುತ್ತಿದ್ದ ಬಡಗಿಗಳು. ಅವರು ಕೆತ್ತಿದ ಒಂದು ನೊಗ ನಮ್ಮ ಅಟ್ಟದ ಮೇಲಿತ್ತು. ಕಳೆದ ತಿಂಗಳು ಅದನ್ನು ಕೆಳಗಿಳಿಸುವ ಸಂದರ್ಭ ಒದಗಿತು.

ನಮ್ಮ ಮಗಳು ಇಲ್ಲಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಲೋಹದ ಪುಡಿಯನ್ನು ಲೇಸರ್ ಕಿರಣದಿಂದ ಪದರಪದರವಾಗಿ ಕರಗಿಸಿ ಯಂತ್ರಭಾಗಗಳನ್ನು ಬೆಳೆಸುವುದು ಅಲ್ಲಿಯ ಕೆಲಸ. ಅದನ್ನು ಮುದ್ರಣವೆಂದೇ ಕರೆಯುತ್ತಾರೆ. ಅವಳು ರೂಪಿಸಿದ ಅಲ್ಯೂಮಿನಿಯಂ ಬ್ರಾಕೆಟ್ಟೊಂದು ಪರೀಕ್ಷೆಯಲ್ಲಿ ಮುರಿದಿತ್ತು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಮುರಿದ ತುಂಡನ್ನು ನಮ್ಮೆದುರಿಗಿಟ್ಟು, "ಈ ಕೆಲಸಕ್ಕೆ ನಾನು ತಕ್ಕವಳಲ್ಲಪ್ಪಾ" ಎಂದಳು.

ಆ ತುಂಡು ಆಲದ ಬೇರುಗಳ ಹೆಣಿಗೆಯಂತಿತ್ತು. ಇಷ್ಟು ಬಡಕಲಾದದ್ದು ಮುರಿಯದಿರುತ್ತದೆಯೇ ಎಂದು ನಾವು ಕೇಳಿಯೂ ಬಿಟ್ಟೆವು. ಅವಳು ತಾಳ್ಮೆಯಿಂದ ವಿವರಿಸಿದಳು: ಕಂಪ್ಯೂಟರು ಇಡೀ ಗಟ್ಟಿಯನ್ನು ಸಾವಿರಾರು ಕಣಗಳಾಗಿ ವಿಂಗಡಿಸಿ, ಪ್ರತಿಯೊಂದೂ ಎಷ್ಟು ಭಾರ ಹೊರುತ್ತದೆಂದು ಲೆಕ್ಕಹಾಕುತ್ತದೆ. ಕೆಲಸವಿಲ್ಲದ ಕಣಗಳನ್ನು ಸವೆಸುತ್ತದೆ. ಮತ್ತೆ ಲೆಕ್ಕ, ಮತ್ತೆ ಸವೆತ. ಮೆಲ್ಬರ್ನಿನ ಮಿಷೆಲ್ 1904ರಲ್ಲಿಯೇ ಇದರ ಗಣಿತವನ್ನು ಬರೆದಿದ್ದರು; 1988ರಲ್ಲಿ ಬೆಂಡ್ಸೋ ಮತ್ತು ಕಿಕುಚಿ ಅದನ್ನು ಕಂಪ್ಯೂಟರಿಗೆ ಒಗ್ಗುವ ವಿಧಾನವಾಗಿಸಿದರು. ಇಂಥ ಆಕಾರವನ್ನು ಉಳಿಯಾಗಲಿ ಲೇತ್ ಆಗಲಿ ಕೊರೆಯಲಾರದು, ಮುದ್ರಣಕ್ಕೆ ಸಾಧ್ಯ. ಅದಕ್ಕೂ ಕಟ್ಟಳೆಗಳುಂಟು: ಸುಮಾರು 45 ಡಿಗ್ರಿಗಿಂತ ಹೆಚ್ಚು ಮಲಗಿದ ತೋಳಿಗೆ ಕೆಳಗಿನಿಂದ ಊರೆ ಕೊಟ್ಟು, ಆಮೇಲೆ ಅದನ್ನು ಕತ್ತರಿಸಬೇಕು.

ಆಗ ನಮಗೆ ನೊಗದ ನೆನಪಾಯಿತು. ಮೂಕಿಗೆ ಬಿಗಿಯುವ ನಡುವೆ ದಪ್ಪ, ಕೊನೆಗಳತ್ತ ಸಣ್ಣ. ಬಾಗಿಸುವ ಒತ್ತಡ ನಡುವೆಯೇ ಅಧಿಕವಲ್ಲವೆ? ಮಗಳು ಅದನ್ನು ತಿರುಗಿಸಿ ನೋಡಿ, "ಕೊನೆಗಳು ಇನ್ನೂ ಸಣ್ಣಗಿರಬಹುದಿತ್ತು, ತಾತ ಮರ ಯಾಕೆ ಉಳಿಸಿದರು?" ಎಂದಳು. ತಂದೆಯವರ ಮಾತು ನಮಗೆ ನೆನಪಿತ್ತು: ಒಂದೆತ್ತು ಕೆಸರಿನಲ್ಲಿ ಹೂತು ನಿಂತಾಗ ಇನ್ನೊಂದು ಅಡ್ಡ ಎಳೆಯುತ್ತದೆ, ಅದಕ್ಕಾಗಿ.

ಅವಳು ಬಹಳ ಹೊತ್ತು ಸುಮ್ಮನಿದ್ದಳು. "ಕೆಳಗೆ ಜಗ್ಗುವ ಭಾರವೊಂದನ್ನೇ ಕೊಟ್ಟಿದ್ದೆ. ಅಡ್ಡ ಎಳೆತವನ್ನು ಹೇಳಲೇ ಇಲ್ಲ. ಅದನ್ನು ತಡೆಯಬೇಕಾಗಿದ್ದ ತೋಳುಗಳನ್ನೇ ಅದು ತೆಗೆದುಹಾಕಿದೆ."

2013ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ವಿಮಾನದ ಎಂಜಿನ್ನಿನ ಬ್ರಾಕೆಟ್ಟಿಗಾಗಿ ಸ್ಪರ್ಧೆ ನಡೆಸಿತ್ತಂತೆ. ಗೆದ್ದ ರಚನೆಯಲ್ಲಿ 2033 ಗ್ರಾಂ ತೂಕ 327ಕ್ಕೆ ಇಳಿಯಿತು. ಆದರೆ ಅಲ್ಲಿ ನೆಟ್ಟಗೆ, ಅಡ್ಡ, ಓರೆ, ತಿರುಚು ಎಂದು ನಾಲ್ಕು ಬಗೆಯ ಭಾರಗಳನ್ನು ಮೊದಲೇ ಗೊತ್ತುಪಡಿಸಿದ್ದರು.

ಮಗಳ ಹೊಸ ಬ್ರಾಕೆಟ್ಟು ಹಳೆಯದಕ್ಕಿಂತ 38 ಗ್ರಾಂ ಹೆಚ್ಚು ತೂಗುತ್ತದೆ. ಅದಕ್ಕಾಗಿ ಮೇಲಿನವರು ಗೊಣಗಿದರಂತೆ. ಪರೀಕ್ಷೆ ಬರುವ ಸೋಮವಾರ. ನೊಗವನ್ನು ನಾವಿನ್ನೂ ಅಟ್ಟಕ್ಕೇರಿಸಿಲ್ಲ.