ಮೇಲ್ಸೇತುವೆಯ ಮೇಲೆ ಕೆಟ್ಟು ನಿಂತ ಕಾರು

ಬೆಳಗಿನ ಹೊತ್ತು ಬೆಂಗಳೂರು ಸಂಚಾರ ಪೊಲೀಸರು ಜಾಲತಾಣದಲ್ಲಿ ಹಾಕುವ ಸಂಚಾರ ಸಲಹೆಗಳನ್ನು ಓದುತ್ತಾ ಹೋದರೆ ಒಂದು ಬಗೆಯ ಸಾಲು ಮತ್ತೆ ಮತ್ತೆ ಎದುರಾಗುತ್ತದೆ. ಇಂಥ ಜಾಗದಲ್ಲಿ ವಾಹನ ಕೆಟ್ಟು ನಿಂತಿದೆ, ಇಂಥ ಕಡೆಗೆ ನಿಧಾನಗತಿಯ ಸಂಚಾರವಿದೆ, ದಯವಿಟ್ಟು ಸಹಕರಿಸಿ. ಒಂದು ದಿನ ಹೆಬ್ಬಾಳದಲ್ಲಿ ಬಸ್ಸು, ಇನ್ನೊಂದು ದಿನ ಹೊರವರ್ತುಲ ರಸ್ತೆಯಲ್ಲಿ ಲಾರಿ, ಮತ್ತೊಂದು ದಿನ ಹೊಸೂರು ರಸ್ತೆಯಲ್ಲಿ ಕಾರು. ಆ ಸಾಲು ಓದುವ ಹೊತ್ತಿಗೆ ಅಲ್ಲಿ ಯಾರೋ ಒಬ್ಬರು ಬಾನೆಟ್ಟಿನ ಪಕ್ಕ ನಿಂತು, ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಬೆರಳು ಇಟ್ಟುಕೊಂಡು ಮೆಕ್ಯಾನಿಕ್ ಜೊತೆ ಕೂಗಿ ಮಾತಾಡುತ್ತಿರುತ್ತಾರೆ. ಅವರ ಹಿಂದೆ ಸಾವಿರಾರು ಜನ, ಮುಂದೆ ಏನಾಗಿದೆಯೆಂದು ತಿಳಿಯದೆ ಹಾರ್ನ್ ಒತ್ತುತ್ತಿರುತ್ತಾರೆ.

ಬಿಡುವಿರುವ ರಸ್ತೆಯಲ್ಲಿ ಗಾಡಿ ಕೈಕೊಟ್ಟರೆ ಅದು ಗಾಡಿಯವರ ಪಾಡು. ಪಕ್ಕಕ್ಕೆ ತಳ್ಳಿ, ಮರದ ನೆರಳಿನಲ್ಲಿ ನಿಲ್ಲಿಸಿ, ಹತ್ತಿರದ ಊರಿನಿಂದ ಯಾರನ್ನಾದರೂ ಕರೆತರಬಹುದು. ಆಫೀಸಿನ ಹೊತ್ತಿನಲ್ಲಿ, ವಾಹನಗಳು ಒಂದಕ್ಕೊಂದು ತಾಗಿಕೊಂಡೇ ತೆವಳುವ ರಸ್ತೆಯಲ್ಲಿ ಕೆಟ್ಟರೆ ಅದು ಇಡೀ ಊರಿನ ಪಾಡು. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಆ ವರ್ಷ ಅದಕ್ಕಿಂತ ನಿಧಾನವಾಗಿದ್ದದ್ದು ಲಂಡನ್ ಒಂದೇ. ಇಷ್ಟು ಬಿಗಿಯಾಗಿ ಸಾಗುವ ರಸ್ತೆಯಲ್ಲಿ ಒಂದು ಸಾಲು ಮುಚ್ಚಿಕೊಂಡರೆ ಉಳಿದ ಸಾಲುಗಳು ಆ ಭಾರ ಹೊರಲಾರವು. ಹಾಗಿದ್ದೂ ಕೆಟ್ಟ ಗಾಡಿಯನ್ನು ಅದರ ಮಾಲೀಕರ ಬೇಜವಾಬ್ದಾರಿ ಎಂದು ನೋಡುವುದೇ ನಮ್ಮಲ್ಲಿ ರೂಢಿ. ಲಕ್ಷಗಟ್ಟಲೆ ಯಂತ್ರಗಳು ಓಡಾಡುವ ಊರಿನಲ್ಲಿ ದಿನವೂ ಕೆಲವು ಕೆಟ್ಟೇ ಕೆಡುತ್ತವೆ. ರಸ್ತೆ ಕಟ್ಟುವಾಗ, ಕೆಲಸದ ಜಾಗದಲ್ಲಿ ನಿಯಮ ಮಾಡುವಾಗ ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕಿತ್ತು.

ಯಲಹಂಕದಿಂದ ನಗರದೊಳಗಿನ ಕಾಲೇಜಿಗೆ ದಿನವೂ ಕಾರಿನಲ್ಲಿ ಹೋಗಿಬರುವ ಉಪನ್ಯಾಸಕಿಯೊಬ್ಬರಿಗೆ ಬೇಸಿಗೆಯ ಒಂದು ಬೆಳಗ್ಗೆ ಆದದ್ದು ಹೀಗೆ. ಅವತ್ತು ಅವರಿಗೆ ಪರೀಕ್ಷಾ ಕೊಠಡಿಯ ಡ್ಯೂಟಿ. ಒಂಬತ್ತೂವರೆಗೆ ಪ್ರಶ್ನೆಪತ್ರಿಕೆಯ ಲಕೋಟೆ ಒಡೆಯುವ ಹೊತ್ತಿಗೆ ಅಲ್ಲಿರಲೇಬೇಕು. ಹೆಬ್ಬಾಳ ಮೇಲ್ಸೇತುವೆ ಇನ್ನೂ ಮುಂದಿರುವಾಗಲೇ ಏಸಿಯಿಂದ ಬೆಚ್ಚನೆಯ ಗಾಳಿ ಬರತೊಡಗಿತು. ಗಾಡಿ ಸ್ವಲ್ಪ ಓಡಿದರೆ ತಣ್ಣಗೆ, ನಿಂತರೆ ಬೆಚ್ಚಗೆ. ಸೇತುವೆ ಏರುತ್ತಿದ್ದಂತೆ ಮೀಟರಿನಲ್ಲಿ ಸದಾ ನಡುವೆ ನಿಲ್ಲುವ ಮುಳ್ಳು ಮೇಲೆ ಹೋಗತೊಡಗಿತು, ಕೆಂಪು ಗೆರೆ ಮುಟ್ಟಿತು. ಸಕ್ಕರೆ ಪಾಕ ಸೀದಂಥ ಸಿಹಿವಾಸನೆ ಮೂಗಿಗೆ ಬಂತು. ಅದು ಕೂಲೆಂಟಿನಲ್ಲಿರುವ ಗ್ಲೈಕಾಲ್ ವಾಸನೆ. ಬಾನೆಟ್ಟಿನ ಅಂಚಿನಿಂದ ಬಿಳಿ ಹಬೆ ಎದ್ದಿತು. ಅವರು ಎಂಜಿನ್ ಆಫ್ ಮಾಡಿ ನಾಲ್ಕೂ ಇಂಡಿಕೇಟರ್ ಹಾಕಿದರು. ಎಂಜಿನ್ ನಿಂತದ್ದೇ ಸ್ಟೀರಿಂಗ್ ಕಲ್ಲಿನಂತಾಯಿತು, ಒಂದೆರಡು ಸಲ ಒತ್ತುವುದರೊಳಗೆ ಬ್ರೇಕ್ ಪೆಡಲೂ ಗಟ್ಟಿಯಾಯಿತು. ಪವರ್ ಸ್ಟೀರಿಂಗಿಗೂ ಬ್ರೇಕಿನ ಬೂಸ್ಟರಿಗೂ ಬಲ ಬರುವುದು ಓಡುತ್ತಿರುವ ಎಂಜಿನ್ನಿನಿಂದ.

ಹಿಂದಿನಿಂದ ಹಾರ್ನು ಶುರುವಾಯಿತು. ಕೆಲವರು ಪಕ್ಕದಿಂದ ನುಸುಳಿ ಹೋಗುವಾಗ ಗಾಜಿಳಿಸಿ ಬೈದೂ ಹೋದರು. ಆದರೆ ಒಬ್ಬ ಆಟೋ ಚಾಲಕರು ತಮ್ಮ ಗಾಡಿಯನ್ನು ಕಾರಿನ ಮುಂದೆ ಓರೆಯಾಗಿ ನಿಲ್ಲಿಸಿ ಇಳಿದು ಬಂದರು. ಬೆನ್ನಿಗೆ ಊಟದ ಚೀಲ ಹೊತ್ತಿದ್ದ ಡೆಲಿವರಿ ಹುಡುಗನೊಬ್ಬ ಬೈಕ್ ಸ್ಟ್ಯಾಂಡ್ ಹಾಕಿದ. ಕೆಳಗಿನಿಂದ ಟ್ರಾಫಿಕ್ ಪೊಲೀಸರೊಬ್ಬರು ಓಡಿಕೊಂಡು ಬಂದರು.

"ಮೇಡಂ, ಒಳಗೇ ಕೂತ್ಕೊಳ್ಳಿ. ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಕೀ ತೆಗೀಬೇಡಿ, ಸ್ಟೀರಿಂಗ್ ಲಾಕ್ ಆಗುತ್ತೆ," ಎಂದರು ಪೊಲೀಸರು. ಇಳಿಜಾರು ಹತ್ತಿರವೇ ಇತ್ತು. ಮೂವರೂ ಸೇರಿ ತಳ್ಳಿ ಕಾರನ್ನು ಕೆಳಗಿನ ರಸ್ತೆಯ ಅಂಚಿಗೆ, ಎಳನೀರಿನ ಗಾಡಿಯ ಪಕ್ಕಕ್ಕೆ ತಂದು ನಿಲ್ಲಿಸಿದರು. ಹುಡುಗ ಹೆಸರು ಹೇಳದೆ, ಥ್ಯಾಂಕ್ಸ್ ಕೇಳಿಸಿಕೊಳ್ಳದೆ ಹೊರಟುಹೋದ. ತಡವಾದರೆ ಅವನ ದುಡಿಮೆಗೂ ಪೆಟ್ಟು. ಆದರೂ ನಿಂತ.

ಉಪನ್ಯಾಸಕಿ ನೀರಿನ ಬಾಟಲಿ ಹಿಡಿದು ಬಾನೆಟ್ ಎತ್ತಲು ಹೋದಾಗ ಆಟೋದವರು ತಡೆದರು. "ಬಾನೆಟ್ ಎತ್ತೋಣ ಮೇಡಂ, ಹಬೆ ಆಡ್ಲಿ. ಕ್ಯಾಪ್ ಮಾತ್ರ ಮುಟ್ಬೇಡಿ. ನೀರೂ ಹಾಕ್ಬೇಡಿ." ಅನುಭವದಿಂದ ಬಂದ ಈ ಮಾತಿನಲ್ಲಿ ಭೌತಶಾಸ್ತ್ರವೂ ಇದೆ. ರೇಡಿಯೇಟರಿನ ಒಳಗೆ ನೀರು ಒತ್ತಡದಲ್ಲಿರುತ್ತದೆ, ಹಾಗಾಗಿ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತಿರುಗಿಸಿದೊಡನೆ ಒತ್ತಡ ಇಳಿದು ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಬಿದ್ದರೆ ಲೋಹ ಬಿರುಕು ಬಿಡಬಹುದು. ಕಾದದ್ದನ್ನು ಲೆಕ್ಕಿಸದೆ ಇನ್ನೊಂದೆರಡು ಕಿಲೋಮೀಟರ್ ಓಡಿಸಿದರಂತೂ ಹೆಡ್ ಡೊಂಕಾಗಿ, ಗ್ಯಾಸ್ಕೆಟ್ ಹೋಗಿ, ಸಣ್ಣದರಲ್ಲಿ ಮುಗಿಯುತ್ತಿದ್ದ ರಿಪೇರಿ ಎಂಜಿನ್ ಬಿಚ್ಚುವವರೆಗೆ ಬೆಳೆಯುತ್ತದೆ. ಹತ್ತಿರದಲ್ಲಿ ನಿಲ್ಲಿಸಲು ಜಾಗವಿಲ್ಲವೆಂದು ಹಾಗೆ ಓಡಿಸಿ ಎಂಜಿನ್ ಕಳೆದುಕೊಂಡವರು ಎಷ್ಟೋ ಜನ.

ಕಾರಣ ಆಮೇಲೆ ತಿಳಿಯಿತು. ರೇಡಿಯೇಟರಿನ ಹಿಂದಿನ ಫ್ಯಾನು ತಿರುಗುತ್ತಿರಲಿಲ್ಲ. ಗಾಡಿ ವೇಗವಾಗಿ ಓಡುವಾಗ ಎದುರಿನ ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನಿನ ಹಂಗು ಅಷ್ಟಿಲ್ಲ. ಜಾಮಿನಲ್ಲಿ ನಿಂತಾಗ ಗಾಳಿಯಿಲ್ಲ, ಫ್ಯಾನೊಂದೇ ಗತಿ. ಏಸಿಯೂ ಆ ಗಾಳಿಯನ್ನೇ ನಂಬಿಕೊಂಡಿರುವುದರಿಂದ ನಿಂತಾಗ ಬೆಚ್ಚಗಾಗಿ ಮೊದಲ ಸೂಚನೆ ಕೊಟ್ಟಿತ್ತು. ಸಿಟಿ ಟ್ರಾಫಿಕ್ಕು ಗಾಡಿಯ ಬೇರೆ ಭಾಗಗಳನ್ನೂ ಹೀಗೆಯೇ ತಿನ್ನುತ್ತದೆ. ಇಂಚಿಂಚು ಸರಿಯುವಾಗ ಅರ್ಧ ಒತ್ತಿದ ಕ್ಲಚ್ಚಿನಲ್ಲೇ ಗಾಡಿ ಹಿಡಿಯುವುದರಿಂದ ಕ್ಲಚ್ ಪ್ಲೇಟು ಬೇಗ ಸವೆಯುತ್ತದೆ. ಸಮೀಪದ ಓಡಾಟವೇ ಹೆಚ್ಚಾದಾಗ, ಸ್ಟಾರ್ಟ್ ಮಾಡಲು ಖರ್ಚಾದ ಕರೆಂಟು ಬ್ಯಾಟರಿಗೆ ಪೂರ್ತಿ ವಾಪಸು ತುಂಬುವುದಿಲ್ಲ. ಚೆನ್ನಾಗಿರುವ ಬ್ಯಾಟರಿ ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿಳಿದರೆ ಸೋಮವಾರ ಬೆಳಗ್ಗೆ ಸೆಲ್ಫ್ ಬರೀ ಟಕಟಕ ಅನ್ನುತ್ತದೆ. ಮೊದಲಾದರೆ ಸೆಕೆಂಡ್ ಗೇರಿಗೆ ಹಾಕಿ, ಬೀದಿಯ ಹುಡುಗರನ್ನು ಕರೆದು ತಳ್ಳಿಸಿ, ಕ್ಲಚ್ ಬಿಟ್ಟರೆ ಗಾಡಿ ಎದ್ದುಬಿಡುತ್ತಿತ್ತು. ಆಟೊಮ್ಯಾಟಿಕ್ ಕಾರುಗಳಿಗೆ ಆ ಉಪಾಯ ನಡೆಯದು. ಎಲೆಕ್ಟ್ರಿಕ್ ಕಾರಿನಲ್ಲಿ ದೊಡ್ಡ ಬ್ಯಾಟರಿ ತುಂಬಿದ್ದರೂ ಅದರ ಚಿಕ್ಕ 12 ವೋಲ್ಟ್ ಬ್ಯಾಟರಿ ಸತ್ತರೆ ಗಾಡಿ ಅಲ್ಲಾಡುವುದಿಲ್ಲ.

ಅಂಬಾಸಿಡರ್, ಪದ್ಮಿನಿ ಓಡಿಸಿದ ಹಳಬರಿಗೆ ಇವೆಲ್ಲ ಕೈಹಿಡಿತದ ವಿಷಯ. ಡಿಕ್ಕಿಯಲ್ಲಿ ಒಂದು ಕ್ಯಾನು ನೀರು, ಒಂದು ಫ್ಯಾನ್ ಬೆಲ್ಟು, ಸ್ಪ್ಯಾನರ್ ಕಟ್ಟು ಇರುತ್ತಿದ್ದವು. ಬಿಸಿಲಿಗೆ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ಗಾಡಿ ನಿಂತರೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾದು ಮತ್ತೆ ಹೊರಡುತ್ತಿದ್ದರು. ಈಗಿನ ಕಾರುಗಳು ಅವುಗಳಿಗಿಂತ ಬಹಳ ಕಡಿಮೆ ಕೆಡುತ್ತವೆ, ನಿಜ. ಆದರೆ ಕೆಟ್ಟಾಗ ಓಡಿಸುವವರ ಕೈಗೆ ಸಿಗುವುದಿಲ್ಲ, ಸ್ಕ್ಯಾನರ್ ತಂದವರೇ ಬೇಕು. ಹಾಗಾಗಿ ನಿಂತ ಗಾಡಿ ನಿಂತಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಘಟ್ಟದ ರಸ್ತೆಗಳಲ್ಲಿ ಇನ್ನೊಂದು ಪದ್ಧತಿಯಿದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲಾರಿ ಕೆಟ್ಟರೆ ಕ್ಲೀನರ್ ಮೊದಲು ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಆಮೇಲೆ ಪಕ್ಕದ ಗಿಡದಿಂದ ಸೊಪ್ಪಿನ ಕೊಂಬೆ ಮುರಿದು ತಂದು ಲಾರಿಯ ಹಿಂದೆ ಸಾಕಷ್ಟು ದೂರದಲ್ಲಿ ಹಾಕುತ್ತಾನೆ. ತಿರುವಿನಲ್ಲಿ ಹಸಿರು ಸೊಪ್ಪು ಕಂಡರೆ ಮುಂದೆ ಗಾಡಿ ನಿಂತಿದೆಯೆಂದು ಎಲ್ಲರಿಗೂ ಗೊತ್ತು. ಲಾರಿ ಹೊರಟ ಮೇಲೂ ರಸ್ತೆಯಲ್ಲೇ ಉಳಿಯುವ ಕಲ್ಲುಗಳು ರಾತ್ರಿ ಬೈಕಿನವರನ್ನು ಕೆಡವುತ್ತವೆ, ಅದು ದೊಡ್ಡ ಅಪಾಯವೇ. ಆದರೂ ಹಿಂದೆ ಬರುವವರಿಗೆ ದೂರದಿಂದಲೇ ತಿಳಿಸಬೇಕೆಂಬ ಎಚ್ಚರ ಆ ಸೊಪ್ಪಿನಲ್ಲಿದೆ. ಅದೇ ಕೆಲಸಕ್ಕೆಂದು ಕಾರಿನ ಜೊತೆ ಬರುವ ಕೆಂಪು ತ್ರಿಕೋನ ಬಹುತೇಕ ಕಾರುಗಳಲ್ಲಿ ಜಾಕಿ, ಸ್ಟೆಪ್ನಿಯ ಪಕ್ಕ ಕವರು ಕೂಡ ಬಿಚ್ಚದೆ ಮಲಗಿರುತ್ತದೆ.

ನಗರದ ಮೇಲ್ಸೇತುವೆಗಳಲ್ಲಿ ಈ ಎಚ್ಚರ ಘಟ್ಟಕ್ಕಿಂತಲೂ ಹೆಚ್ಚು ಬೇಕು. ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ, 2010ರಲ್ಲಿ ತೆರೆದ ಎತ್ತರದ ರಸ್ತೆ ಹತ್ತಿರ ಹತ್ತಿರ 10 ಕಿಲೋಮೀಟರ್ ಉದ್ದ. ಅಲ್ಲಿ ಅಲ್ಲಲ್ಲಿ ಗಾಡಿ ನಿಲ್ಲಿಸಲು ಅಗಲದ ಜಾಗ ಬಿಟ್ಟಿದ್ದಾರೆ. 2021ರ ಸೆಪ್ಟೆಂಬರಿನಲ್ಲಿ ಅಂಥದೇ ಜಾಗದಲ್ಲಿ ಬೈಕ್ ನಿಲ್ಲಿಸಿಕೊಂಡಿದ್ದ ಇಬ್ಬರು, ವೇಗವಾಗಿ ಬಂದ ಕಾರು ಗುದ್ದಿದ ರಭಸಕ್ಕೆ ಸೇತುವೆಯಿಂದ ಕೆಳಗೆ ಬಿದ್ದು ತೀರಿಕೊಂಡರು. ನಿಲ್ಲಲೆಂದೇ ಬಿಟ್ಟ ಜಾಗವೇ ಹೀಗಾದರೆ, ಅದೂ ಇಲ್ಲದ ಸೇತುವೆಗಳ ಮೇಲೆ ಕೆಟ್ಟು ನಿಂತವರ ಗತಿಯೇನು? ಕಾರಿನ ಹಿಂಬದಿಗೆ ಬೆನ್ನು ಕೊಟ್ಟು ಫೋನಿನಲ್ಲಿ ಮಾತಾಡುವವರನ್ನು ಕಂಡಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಗಾಡಿಯಿಂದ ದೂರ, ಓಡಾಡುವ ವಾಹನಗಳಿಂದ ದೂರ, ಆದಷ್ಟು ಬೇಗ ಸೇತುವೆಯ ಕೆಳಗೆ ಬರುವುದೇ ಕ್ಷೇಮ.

ಹೆಬ್ಬಾಳದ ಮೇಲ್ಸೇತುವೆ ತೆರೆದದ್ದು 2003ರಲ್ಲಿ. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರಲ್ಲಿ. ಆಮೇಲೆ ಏರಿದ ವಾಹನಗಳ ಭಾರವನ್ನು ಹಳೆಯ ಸೇತುವೆ ಹೊತ್ತುಕೊಂಡೇ ಬಂತು. ಅಂಥ ಕಡೆ ಒಂದು ಕಾರು ನಿಂತರೆ ಕಾನೂನು ಮಾಲೀಕರ ಕಡೆಗೇ ಬೆರಳು ತೋರಿಸುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 201ನೇ ಕಲಮಿನಂತೆ ಕೆಟ್ಟ ವಾಹನವನ್ನು ಸಂಚಾರಕ್ಕೆ ಅಡ್ಡಿಯಾಗುವಂತೆ ಬಿಟ್ಟರೆ ದಂಡ ಹಾಕಬಹುದು, 2019ರ ತಿದ್ದುಪಡಿಯ ನಂತರ ಅದು 500 ರೂಪಾಯಿಯವರೆಗೆ. ಬೇಕೆಂದೇ ರಸ್ತೆಯಲ್ಲಿ ಗಾಡಿ ಬಿಟ್ಟು ಹೋಗುವವರಿಗೆ ಇದು ಬೇಕಾದದ್ದೇ. ಎಂಜಿನ್ ಕಾದು ನಿಂತವರಿಗೆ ಬೇಕಾದದ್ದು ಹತ್ತು ನಿಮಿಷದಲ್ಲಿ ಬರುವ ಕ್ರೇನು. ಟೋಲ್ ಕಟ್ಟುವ ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಕರೆ ಮಾಡಿದರೆ ನೆರವು ಕೇಳಬಹುದು. ಜನ ದಿನವೂ ಕೆಲಸಕ್ಕೆ ಓಡಾಡುವ ಊರೊಳಗಿನ ರಸ್ತೆಗಳಿಗೆ ಅಷ್ಟೇ ಸಲೀಸಾಗಿ ಬಾಯಿಗೆ ಬರುವ ಒಂದು ನಂಬರು ಇಲ್ಲ. ಬೆಳಗಿನ ಎಂಟರಿಂದ ಹನ್ನೊಂದರವರೆಗೆ, ಸಂಜೆ ಮತ್ತೆ ಅಷ್ಟೇ ಹೊತ್ತು, ಉದ್ದದ ಪ್ರತಿ ಮೇಲ್ಸೇತುವೆಯ ಎರಡೂ ತುದಿಯಲ್ಲಿ ಒಂದೊಂದು ಎಳೆಯುವ ವಾಹನ ನಿಂತಿರಲಿ, ಕೆಟ್ಟ ಗಾಡಿಯನ್ನು ದುಡ್ಡು ಕೇಳದೆ ಕೆಳಗಿನವರೆಗೆ ತಂದುಬಿಡಲಿ. ಹಿಂದೆ ಸಿಕ್ಕಿಕೊಂಡವರು ಸುಡುವ ಪೆಟ್ರೋಲನ್ನು ಲೆಕ್ಕ ಹಾಕಿದರೆ ಇದು ದುಬಾರಿ ಬೇಡಿಕೆಯಲ್ಲ.

ಉಪನ್ಯಾಸಕಿ ಪ್ರಿನ್ಸಿಪಾಲರಿಗೆ ಫೋನ್ ಮಾಡಿದಾಗ ಆಚೆಯಿಂದ ಬಂದ ಮೊದಲ ಮಾತು, "ಏನೂ ಆಗಿಲ್ಲ ತಾನೇ ಮೇಡಂ? ನಿಮ್ಮ ರೂಮಿಗೆ ಬೇರೆಯವರನ್ನ ಹಾಕ್ತೀನಿ, ನಿಧಾನಕ್ಕೆ ಬನ್ನಿ." ಎಲ್ಲರಿಗೂ ಅಂಥ ಮಾತು ಕೇಳುವ ಭಾಗ್ಯವಿಲ್ಲ. ಗಾಡಿ ಕೆಟ್ಟಿದೆ ಅಂದರೆ ನೆಪವೆಂದೇ ತಿಳಿದು ವಾಟ್ಸಾಪಿನಲ್ಲಿ ಫೋಟೋ ಕೇಳುವ ಮೇಲಧಿಕಾರಿಗಳಿದ್ದಾರೆ. ಬೆರಳಚ್ಚಿನ ಯಂತ್ರದಲ್ಲಿ ತಡವಾಗಿ ಹಾಜರಿ ಬಿದ್ದರೆ ಅರ್ಧ ದಿನದ ರಜೆ ಕತ್ತರಿಸುವ ಕಚೇರಿಗಳಿವೆ. ರಸ್ತೆಯ ಮಧ್ಯೆ ಹಬೆ ಉಗುಳುವ ಕಾರಿನ ಮುಂದೆ ನಿಂತವರು ಪ್ರಾಣದ ಬದಲು ಹಾಜರಿಯ ಚಿಂತೆ ಮಾಡುವಂತೆ ಮಾಡುವ ನಿಯಮ ಸರಿಯಲ್ಲ.

ಗಾಡಿಯೇ ಕೆಲಸವಾಗಿರುವವರ ನಷ್ಟವಂತೂ ಬೇರೆಯೇ. ಅವತ್ತು ಉಪನ್ಯಾಸಕಿ ಕಾರಿನ ಕೀಯನ್ನು ಎಳನೀರಿನವರ ಕೈಗೆ ಕೊಟ್ಟು, ಯಲಹಂಕದ ತಮ್ಮ ಮೆಕ್ಯಾನಿಕ್ಕಿಗೆ ಜಾಗ ಹೇಳಿ, ಅದೇ ಆಟೋ ಹತ್ತಿ ಕಾಲೇಜಿಗೆ ಹೊರಟರು. ದಾರಿಯಲ್ಲಿ ಆಟೋದವರು ತಮ್ಮ ಕಥೆ ಹೇಳಿದರು. ಹಿಂದೆ ಅವರು ಸಾಲ ಮಾಡಿ ಟ್ಯಾಕ್ಸಿ ಇಟ್ಟಿದ್ದರು. ಕ್ಲಚ್ ಹೋಗಿ ಗಾಡಿ ಗ್ಯಾರೇಜು ಸೇರಿದರೆ ಆ ದಿನದ ಬಾಡಿಗೆ ಹೋಯಿತು, ಬಿಡಿಭಾಗ ಸಿಗದಿದ್ದರೆ ಮರುದಿನದ್ದೂ ಹೋಯಿತು. ಕಂತು ಮಾತ್ರ ತಿಂಗಳ ಅದೇ ತಾರೀಖಿಗೆ ಬರುತ್ತಿತ್ತು. ಜೆ.ಸಿ. ರಸ್ತೆಯ ಸ್ಪೇರ್‌ಪಾರ್ಟ್ಸ್ ಅಂಗಡಿಗಳಲ್ಲಿ ತಾವೇ ಅಲೆದು ಕಡಿಮೆ ಬೆಲೆಗೆ ಸಾಮಾನು ಹುಡುಕಿ ತಂದದ್ದು, ಗ್ಯಾರೇಜಿನಲ್ಲೇ ಕೂತು ಹುಡುಗರಿಗೆ ಕೈಜೋಡಿಸಿದ್ದು, ಕೆಲಸ ಕಲಿತದ್ದು ಆಗಲೇ ಅಂತೆ. ಮೇಲ್ಸೇತುವೆಯ ಮೇಲೆ ಒಂದು ಸಲ ಟ್ಯಾಕ್ಸಿ ನಿಂತಾಗ ಅವರಿಗೆ ದಂಡದ ಚೀಟಿಯೂ ಸಿಕ್ಕಿತ್ತು, ಎಳೆದುಕೊಂಡು ಹೋದವರಿಗೆ ಕೊಟ್ಟ ದುಡ್ಡು ಬೇರೆ.

"ಅವತ್ತು ಯಾರೂ ನಿಲ್ಲಿಸ್ಲಿಲ್ವಾ ಅಣ್ಣ?" ಎಂದು ಉಪನ್ಯಾಸಕಿ ಕೇಳಿದರು.

"ಒಬ್ಬ ಲಾರಿಯವ್ರು ನಿಲ್ಲಿಸಿದ್ರು ಮೇಡಂ, ತಮಿಳ್ನಾಡಿನೋರು. ಹಗ್ಗ ಕೊಟ್ರು. ಆದ್ರೆ ಮೇಲಿಂದ ಕೆಳಗೆ ಇಳಿಸೋ ತನಕ ಒಂದೂವರೆ ಗಂಟೆ ಆಗ್ಹೋಗಿತ್ತು. ಅಷ್ಟೊತ್ತು ಹಿಂದಿಂದ ಬರೋ ಗಾಡಿಗಳಿಗೆ ಟವಲ್ ಬೀಸ್ತಾ ನಿಂತಿದ್ದೆ."

ಕಾಲೇಜಿನ ಗೇಟಿನ ಮುಂದೆ ಅವರು ತೆಗೆದುಕೊಂಡದ್ದು ಮೀಟರಿನಲ್ಲಿ ಬಿದ್ದಷ್ಟನ್ನೇ. ಕಾರು ತಳ್ಳಿದ್ದಕ್ಕೆಂದು ಉಪನ್ಯಾಸಕಿ ಮೇಲೆ ಕೊಡಹೋದ ನೋಟನ್ನು ಮುಟ್ಟಲಿಲ್ಲ. ಸಂಜೆ ಮೆಕ್ಯಾನಿಕ್ ಬಂದರೆ ಫ್ಯಾನ್ ಮೋಟರ್ ಜೊತೆ ರಿಲೇಯನ್ನೂ ಬದಲಾಯಿಸಿ, ಕೂಲೆಂಟ್ ಪೂರ್ತಿ ಹೊಸದು ಹಾಕಿಸಿ ಎಂದು ಹೇಳಿ ಗಾಡಿ ತಿರುಗಿಸಿಕೊಂಡರು.